ಹಗಲು ಕೆಲಸ, ಸಂಜೆ ತಾಲೀಮು: ಬೆಂಗಳೂರಿನ ಹೊಸ ಕಲಾವಿದರು ಪದೇ ಪದೇ ಕೇಳುವ ಪ್ರಶ್ನೆಗಳು

ತಾಲೀಮು ಮುಗಿಸಿ ಟೀ ಅಂಗಡಿ ಮುಂದೆ ನಿಂತಾಗ ಹೊಸಬರು ಕೇಳುವುದು ಪಾತ್ರದ ಬಗ್ಗೆ ಅಲ್ಲ. 'ಸಾರ್, ಹೊಟ್ಟೆಪಾಡಿಗೆ ಏನ್ ಮಾಡ್ತೀರಿ?' ಅಂತ. ನಾನು ತಿಪಟೂರು ಕಡೆಯವನು. ಬೆಂಗಳೂರಿನ ಹವ್ಯಾಸಿ ರಂಗಭೂಮಿಗೆ ಬಂದು ಹದಿನೈದು ವರ್ಷ ದಾಟಿತು. ಅಷ್ಟರಲ್ಲಿ ಏಳು ಕೆಲಸ ನೋಡಿದ್ದೇನೆ. ನಾಲ್ಕನ್ನು ನಾನೇ ಬಿಟ್ಟೆ, ಎರಡು ಕಡೆ ಅವರೇ ಕಳಿಸಿದರು, ಏಳನೆಯದರಲ್ಲಿ ಈಗಲೂ ಇದ್ದೇನೆ. ಒಂದು ಮುದ್ರಣಾಲಯದಲ್ಲಿ ಪುಟ ಕಟ್ಟುವುದು, ಕರಡು ತಿದ್ದುವುದು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕೂವರೆ. ಪ್ರತಿ ವರ್ಷ ಇದೇ ಪ್ರಶ್ನೆಗಳಿಗೆ ಉತ್ತರ ಹೇಳಿ ಹೇಳಿ ಸಾಕಾಗಿ ಒಮ್ಮೆ ಬರೆದೇ ಬಿಡೋಣ ಅನ್ನಿಸಿತು.

ನಾಟಕ ಮಾಡಿಕೊಂಡೇ ಬದುಕೋಕೆ ಆಗಲ್ವಾ?

ಒಂದು ಸಣ್ಣ ಲೆಕ್ಕ ಹಾಕಿ. ಮುನ್ನೂರು ಸೀಟಿನ ಸಭಾಂಗಣ, ಟಿಕೆಟ್ ಇನ್ನೂರು ರೂಪಾಯಿ. ಒಂದು ಸೀಟೂ ಖಾಲಿ ಇಲ್ಲ ಅಂದುಕೊಳ್ಳಿ. ಬಂದದ್ದು 60,000. ಅದರಲ್ಲಿ ಸಭಾಂಗಣದ ಬಾಡಿಗೆ, ಲೈಟು, ಸೆಟ್ಟು ಸಾಗಿಸಿದ ಟೆಂಪೊ, ಪ್ರಸಾಧನ, ತಾಲೀಮಿನ ಜಾಗದ ಬಾಡಿಗೆ, ನಲವತ್ತು ದಿನದ ಟೀ ಬಿಸ್ಕತ್ತು ಕಳೆಯಿರಿ. ಉಳಿದದ್ದನ್ನು ಹದಿನೈದು ಜನಕ್ಕೆ ಹಂಚಿ. ದಿನಕ್ಕೆ ಮೂರು ಗಂಟೆಯಂತೆ ನಲವತ್ತು ದಿನ ಅಂದರೆ ನೀವು 120 ಗಂಟೆ ದುಡಿದಿದ್ದೀರಿ. ಕೈಗೆ ಬಂದದ್ದು ಪೆಟ್ರೋಲಿಗೆ ಸಾಕಾದರೆ ಪುಣ್ಯ.

ಸಂಬಳ ಕೊಡುವ ಜಾಗಗಳು ಇಲ್ಲವೆಂದಲ್ಲ. ಬಿ.ವಿ. ಕಾರಂತರು 1989ರಲ್ಲಿ ಶುರು ಮಾಡಿದ ಮೈಸೂರಿನ ರಂಗಾಯಣ ಇದೆ. ಊರೂರು ಸುತ್ತಿ ನಾಟಕ ಆಡುವ ಹೆಗ್ಗೋಡಿನ ನೀನಾಸಂನ ತಿರುಗಾಟ 1985ರಿಂದ ನಡೆಯುತ್ತಿದೆ. ಸಾಣೇಹಳ್ಳಿಯ ಶಿವಸಂಚಾರ ಇದೆ. ಆದರೆ ಅಲ್ಲಿ ಸೇರುವವರು ವರ್ಷಕ್ಕೆ ಬೆರಳೆಣಿಕೆಯಷ್ಟು ಜನ. ತಿರುಗಾಟದ ಸೀಸನ್ ಮುಗಿದ ಮೇಲೆ ಅವರೂ ಬೆಂಗಳೂರು ಬಸ್ಸು ಹತ್ತಿ ಬಂದು ಇದೇ ಪ್ರಶ್ನೆ ಕೇಳುತ್ತಾರೆ.

ಹಾಗಾದ್ರೆ ಫ್ಲೆಕ್ಸಿಬಲ್ ಟೈಮಿಂಗ್ಸ್ ಇರೋ ಕೆಲಸ ಹುಡುಕಬೇಕು, ಅಲ್ವಾ?

ನಾನು ಎಡವಿದ್ದೇ ಇಲ್ಲಿ. 'ಫ್ಲೆಕ್ಸಿಬಲ್' ಅನ್ನುವ ಮಾತನ್ನು ನಾವು ಒಂದು ಅರ್ಥದಲ್ಲಿ ಕೇಳಿಸಿಕೊಳ್ಳುತ್ತೇವೆ, ಕೆಲಸ ಕೊಡುವವರು ಇನ್ನೊಂದು ಅರ್ಥದಲ್ಲಿ ಹೇಳುತ್ತಾರೆ. ನಮಗೆ ಬೇಕಾದಾಗ ರಜೆ ಸಿಗುತ್ತದೆ ಅಂತ ನಾವು ತಿಳಿಯುತ್ತೇವೆ. ಅವರಿಗೆ ಬೇಕಾದಾಗ ನಾವು ಹಾಜರಿರಬೇಕು ಅಂತ ಅವರ ಮನಸ್ಸಲ್ಲಿರುತ್ತದೆ. ಒಂದು ಈವೆಂಟ್ ಕಂಪನಿಯಲ್ಲಿ ಎರಡು ವರ್ಷ ಇದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಸಂಜೆ ಐದಕ್ಕೆ ಫೋನ್ ಬರುತ್ತಿತ್ತು: 'ನಾಳೆ ವೆನ್ಯೂ ಬದಲಾಗಿದೆ, ಈಗಲೇ ಬಾ.' ಆ ಎರಡು ವರ್ಷದಲ್ಲಿ ಮೂರು ನಾಟಕದಿಂದ ನನ್ನನ್ನು ತೆಗೆದರು. ನಿರ್ದೇಶಕರದ್ದೇನೂ ತಪ್ಪಿಲ್ಲ. ಎದುರು ಪಾತ್ರಧಾರಿ ಗೋಡೆಗೆ ಸಂಭಾಷಣೆ ಹೇಳುತ್ತಾ ಎಷ್ಟು ದಿನ ನಿಲ್ಲುತ್ತಾನೆ?

ನನ್ನ ಪ್ರಕಾರ ಬೇಕಿರುವುದು ಸಂಜೆ ಇಷ್ಟು ಹೊತ್ತಿಗೆ ಮುಗಿಯುತ್ತದೆ ಅಂತ ಮೊದಲೇ ಗೊತ್ತಿರುವ ಕೆಲಸ. ತಾಲೀಮು ಇರುವುದು ಆರೂವರೆಯಿಂದ ಒಂಬತ್ತೂವರೆ. ಐದಕ್ಕೆ ಬ್ಯಾಗ್ ಹೆಗಲಿಗೆ ಹಾಕಿದರೆ ಸಾಕು. ಅದರ ಜೊತೆಗೆ ಇನ್ನು ಮೂರು ವಿಷಯ ನೋಡಿ. ಗಂಟಲು ಉಳಿಯುತ್ತದಾ? ಕಾಲು ಉಳಿಯುತ್ತದಾ? ತಲೆ ಉಳಿಯುತ್ತದಾ? ಮೂರೂ ಉಳಿಯುವ ಕೆಲಸ ಸಿಗುವುದು ಕಷ್ಟ. ಎರಡು ಉಳಿದರೆ ಒಪ್ಪಿಕೊಳ್ಳಿ. ಸಂಬಳ ಎರಡು ಸಾವಿರ ಕಡಿಮೆಯಾದರೂ ಪರವಾಗಿಲ್ಲ.

ಹಿಂದಿನವರು ಹೇಗೆ ನಿಭಾಯಿಸ್ತಿದ್ದರು?

ಬೆಂಗಳೂರಿನ ಹವ್ಯಾಸಿ ರಂಗಭೂಮಿಯನ್ನು ಸಾಕಿದ್ದು ಯಾರು ಅಂತ ಕೇಳಿದರೆ ನಾನು ಬ್ಯಾಂಕು, ಎಲ್‌ಐಸಿ, ಎಜಿ (ಅಕೌಂಟೆಂಟ್ ಜನರಲ್) ಆಫೀಸು ಮತ್ತು ಕಾರ್ಖಾನೆಗಳು ಅನ್ನುತ್ತೇನೆ. ಐಟಿಐ, ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್. ಅಲ್ಲಿ ಶಿಫ್ಟ್ ಮುಗಿದದ್ದಕ್ಕೆ ಸೈರನ್ ಕೂಗುತ್ತಿತ್ತು, ಫ್ಯಾಕ್ಟರಿ ಬಸ್ಸು ಹೊರಡುತ್ತಿತ್ತು. ಆಮೇಲೆ ಯಾರೂ ಫೋನ್ ಮಾಡುತ್ತಿರಲಿಲ್ಲ. ಮಾಡೋಣ ಅಂದರೆ ಮನೆಯಲ್ಲಿ ಫೋನೂ ಇರಲಿಲ್ಲ! ಎಪ್ಪತ್ತರ ದಶಕದಲ್ಲಿ ಅಷ್ಟೊಂದು ತಂಡಗಳು ಹುಟ್ಟಿಕೊಂಡದ್ದಕ್ಕೆ ಹೊಸ ನಾಟಕಗಳು, ಹೊಸ ನಿರ್ದೇಶಕರು ಎಷ್ಟು ಕಾರಣವೋ ಆ ಸೈರನ್ನೂ ಅಷ್ಟೇ ಕಾರಣ ಅಂತ ನನಗನಿಸುತ್ತದೆ. ಆ ಕಾಲದ ಹಿರಿಯರು ಈಗಲೂ ಹೇಳುತ್ತಾರೆ, ಪಾತ್ರ ಹಂಚುವ ಮೊದಲು 'ನಿಂದು ಯಾವ ಶಿಫ್ಟು?' ಅಂತ ಕೇಳುತ್ತಿದ್ದರಂತೆ.

ದೊಡ್ಡ ಹೆಸರುಗಳೂ ಹಾಗೇ. ಟಿ.ಪಿ. ಕೈಲಾಸಂ ಮೈಸೂರು ಸರ್ಕಾರದ ಭೂವಿಜ್ಞಾನ ಇಲಾಖೆಯಲ್ಲಿ ನೌಕರಿ ಮಾಡಿದವರು. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿದ್ದರು. 'ತುಘಲಕ್' ಬಂದದ್ದು ಆ ವರ್ಷಗಳಲ್ಲೇ. ರಂಗ ನಿರ್ದೇಶಕ ಸಿಜಿಕೆ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದರು. ರಜನಿಕಾಂತ್ ಬೆಂಗಳೂರಿನ ಬಿಟಿಎಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದದ್ದು ಎಲ್ಲರಿಗೂ ಗೊತ್ತು.

ಆ ಕಾರ್ಖಾನೆ ಕೆಲಸ ಈಗ ಎಲ್ಲಿದೆ ಅಂತೀರಾ? ನಿಜ, ಮೊದಲಿನಷ್ಟು ಇಲ್ಲ. ಆದರೆ ಹೊತ್ತಿಗೆ ಸರಿಯಾಗಿ ಬಾಗಿಲು ಹಾಕುವ ಕಚೇರಿಗಳು ಇನ್ನೂ ಇವೆ. ಶಾಲೆ, ಗ್ರಂಥಾಲಯ, ಸಹಕಾರ ಸಂಘ, ಲೆಕ್ಕಪರಿಶೋಧಕರ ಆಫೀಸು (ತೆರಿಗೆ ರಿಟರ್ನ್ ಗಡಿಬಿಡಿಯ ಜುಲೈ, ಸೆಪ್ಟೆಂಬರ್ ಬಿಟ್ಟು!), ಡಯಾಗ್ನಾಸ್ಟಿಕ್ ಲ್ಯಾಬಿನ ಬೆಳಗಿನ ಪಾಳಿ, ಮುದ್ರಣಾಲಯ. ಥಳುಕು ಇಲ್ಲದ ಜಾಗಗಳು. ಹಾಗಾಗಿ ಅಲ್ಲಿ ಕ್ಯೂ ಕೂಡ ಸ್ವಲ್ಪ ಕಡಿಮೆ.

ಅಮೆರಿಕದಲ್ಲಿ ನಟರು ಹೋಟೆಲ್‌ನಲ್ಲಿ ವೇಟರ್ ಆಗಿರ್ತಾರಂತೆ. ನಾನೂ ಕೆಫೆ ಸೇರಲಾ?

ನ್ಯೂಯಾರ್ಕ್‌ನ ಲೆಕ್ಕವೇ ಬೇರೆ. ಅಲ್ಲಿ ಆಡಿಷನ್ ನಡೆಯುವುದು ಹಗಲಲ್ಲಿ. ಹಗಲು ಖಾಲಿ ಇಟ್ಟುಕೊಂಡು ರಾತ್ರಿ ಬಡಿಸಿದರೆ ಅವರಿಗೆ ಹೊಂದುತ್ತದೆ. ಮೇಲಾಗಿ ಟಿಪ್ಸ್ ದುಡ್ಡೇ ದೊಡ್ಡದು. ನಮ್ಮಲ್ಲಿ ತಾಲೀಮು ಮತ್ತು ಶೋ ಎರಡೂ ಸಂಜೆ. ಕೆಫೆಗೆ ಜನ ನುಗ್ಗುವುದೂ ಸಂಜೆಯೇ. ಶನಿವಾರ ಭಾನುವಾರವಂತೂ ರಜೆ ಕೇಳುವ ಹಾಗೇ ಇಲ್ಲ. ದರ್ಶಿನಿಗಳಲ್ಲಿ ಪಾರ್ಟ್ ಟೈಮ್ ಅನ್ನುವ ಪದ್ಧತಿಯೇ ಕಡಿಮೆ.

ಎರಡೇ ದಾರಿ ಇವೆ. ಬೆಳಗಿನ ತಿಂಡಿಗೆ ಮಾತ್ರ ತೆರೆಯುವ ಜಾಗ, ಅಥವಾ ಮದುವೆ ಕೇಟರಿಂಗ್‌ನಲ್ಲಿ ಬಡಿಸುವುದು. ಮುಹೂರ್ತದ ಊಟ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ. ಕೂಲಿ ಅವತ್ತೇ ಕೈಗೆ, ಊಟವೂ ಆಗುತ್ತದೆ. ಆದರೆ ಆಷಾಢದಲ್ಲಿ ಮತ್ತು ಧನುರ್ಮಾಸದಲ್ಲಿ ಮದುವೆಗಳೇ ಇಲ್ಲ. ಆ ತಿಂಗಳುಗಳಿಗೆ ಮೊದಲೇ ದುಡ್ಡು ಎತ್ತಿಡಿ.

ಸ್ವಿಗ್ಗಿ, ಜೊಮ್ಯಾಟೊ ಡೆಲಿವರಿ?

ಬೇಕಾದಾಗ ಆ್ಯಪ್ ಆನ್, ಬೇಡವಾದಾಗ ಆಫ್. ಕೇಳೋಕೆ ನಮಗೆ ಅಂತಲೇ ಮಾಡಿದ ಹಾಗಿದೆ. ಆದರೆ ದುಡ್ಡು ಹುಟ್ಟುವುದು ರಾತ್ರಿ ಏಳರಿಂದ ಹತ್ತರೊಳಗೆ. ಇನ್ಸೆಂಟಿವ್ ಕೂಡ ಆ ಹೊತ್ತಿಗೇ ಜಾಸ್ತಿ. ತಾಲೀಮಿಗೆ ಹೋದರೆ ಅದು ಹೋಯಿತು. ಮಧ್ಯಾಹ್ನದ ಊಟದ ಹೊತ್ತು ಮಾತ್ರ ಓಡಿಸುತ್ತೇನೆ ಅಂದರೆ ಪೆಟ್ರೋಲು, ಗಾಡಿ ಸವೆತ ಕಳೆದು ಉಳಿಯುವುದು ಅಷ್ಟಕ್ಕಷ್ಟೇ. ನಮ್ಮ ತಂಡದ ಒಬ್ಬ ಹುಡುಗ ಮಳೆಯಲ್ಲಿ ಜಾರಿ ಬಿದ್ದು ಮೊಣಕಾಲು ಮುರಿದುಕೊಂಡ. ಶೋಗೆ ಒಂಬತ್ತು ದಿನ ಬಾಕಿ ಇತ್ತು. ದೇಹವೇ ಬಂಡವಾಳ ಅನ್ನುವವರು ಇದನ್ನು ಯೋಚಿಸಬೇಕು.

2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರಿಗಾಗಿ ಕಾನೂನು ತಂದಿದೆ. ಕಂಪನಿಗಳಿಂದ ಕಲ್ಯಾಣ ಶುಲ್ಕ ಪಡೆದು ಕಾರ್ಮಿಕರ ಸಾಮಾಜಿಕ ಭದ್ರತೆಗೆ ಬಳಸುವ ಏರ್ಪಾಡು ಅದರಲ್ಲಿದೆ. ಡೆಲಿವರಿ ಮಾಡುವುದೇ ಆದರೆ ಆ ಕಾನೂನಿನ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸುವುದು ಬಿಡಬೇಡಿ. ಅದೇ ವರ್ಷ ಜೂನ್‌ನಲ್ಲಿ ಕೋರ್ಟ್ ಆದೇಶದಿಂದ ಬೈಕ್ ಟ್ಯಾಕ್ಸಿ ನಿಂತಾಗ ಅದನ್ನೇ ನಂಬಿದ್ದವರು ದಿಢೀರ್ ಅಂತ ಖಾಲಿ ಕೂತರು. ಆ್ಯಪ್ ಕೆಲಸ ಎರಡನೇ ಆದಾಯವಾಗಿರಲಿ, ಮೊದಲನೆಯದು ಬೇಡ.

ಕಾಲ್ ಸೆಂಟರ್?

ಬೇಡ. ಎಂಟು ಗಂಟೆ ಎಸಿ ಕೆಳಗೆ ಮಾತಾಡಿ ಬಂದ ಗಂಟಲಿಗೆ ಕಂದಪದ್ಯ ಏರುವುದಿಲ್ಲ. ನಾನು ಹನ್ನೊಂದು ತಿಂಗಳು ಇದ್ದೆ. ಚಾಟ್ ಅಥವಾ ಇಮೇಲ್ ವಿಭಾಗ ಸಿಕ್ಕರೆ ಮಾತ್ರ ಯೋಚಿಸಿ.

ನಾನು ಐಟಿಯಲ್ಲಿದ್ದೀನಿ. ಬಿಟ್ಟು ಬರಲಾ?

ಬಿಡಬೇಡಿ, ಬದಲಾಯಿಸಿ. ರಂಗಶಂಕರ ರಂಗಮಂದಿರದಲ್ಲಿ ಸಂಜೆ ನಾಟಕ ಶುರುವಾಗುವುದು 7.30ಕ್ಕೆ. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ ಅನ್ನುವುದು ಊರಿಗೇ ಗೊತ್ತು. ನ್ಯೂಯಾರ್ಕಿನಲ್ಲಿ ಬೇಸಿಗೆ ಕಾಲದ ಬೆಳಿಗ್ಗೆ ಹತ್ತು ಅಂದರೆ ನಮ್ಮಲ್ಲಿ ಸರಿಯಾಗಿ 7.30! ಅವರ ಮೀಟಿಂಗೂ ನಾಟಕ ಶುರುವಾಯಿತು ಅನ್ನುವ ನಮ್ಮ ಮೂರನೇ ಬೆಲ್ಲೂ ಒಂದೇ ಹೊತ್ತಿಗೆ. ಅಮೆರಿಕದ ಕ್ಲೈಂಟ್ ಇರುವ ಟೀಮಿನಲ್ಲಿದ್ದು ಮುಖ್ಯ ಪಾತ್ರ ಮಾಡಲು ಹೊರಟವರು ಮೇಕಪ್ ರೂಮಿನಲ್ಲಿ ಬಣ್ಣ ಹಚ್ಚಿಕೊಂಡೇ ಲ್ಯಾಪ್‌ಟಾಪ್ ಬಿಚ್ಚಿ ಕೂತದ್ದನ್ನು ನೋಡಿದ್ದೇನೆ. ಮೈಮೇಲೆ ರಾಜನ ವೇಷ, ಕಿವಿಯಲ್ಲಿ ಇಯರ್‌ಫೋನ್. ನಗು ಬರುತ್ತದೆ, ಆದರೆ ಆ ರಾತ್ರಿ ಅವರು ಮೊದಲ ದೃಶ್ಯದಲ್ಲೇ ಮಾತು ಮರೆತರು.

ಆಸ್ಟ್ರೇಲಿಯಾ, ಸಿಂಗಪುರ, ಜಪಾನ್ ಕಡೆಯ ಕೆಲಸ ನೋಡುವ ಟೀಮಿಗೆ ವರ್ಗ ಕೇಳಿ. ಸಿಡ್ನಿ ನಮಗಿಂತ ನಾಲ್ಕೂವರೆ, ಐದೂವರೆ ಗಂಟೆ ಮುಂದಿದೆ. ಬೆಳಿಗ್ಗೆ ಐದಕ್ಕೆ ಕೂತರೆ ಮಧ್ಯಾಹ್ನ ಎರಡಕ್ಕೆ ಏಳಬಹುದು. ಒಂದು ಗಂಟೆ ನಿದ್ದೆ ಮಾಡಿ ತಾಲೀಮಿಗೆ ಬನ್ನಿ. ಬೆಳಗಿನ ಶಿಫ್ಟಿಗೆ ಜನ ಮುಂದೆ ಬರುವುದಿಲ್ಲ. ಹಾಗಾಗಿ ಕೇಳಿದವರಿಗೆ ಸಿಗುವ ಸಾಧ್ಯತೆ ಜಾಸ್ತಿ.

ಡಬ್ಬಿಂಗ್, ವಾಯ್ಸ್ ಓವರ್ ಹೇಗೆ? ಅದೂ ಕಲೆಯೇ ತಾನೇ?

ಕನ್ನಡದಲ್ಲಿ ದಶಕಗಳ ಕಾಲ ಬೇರೆ ಭಾಷೆಯ ಚಿತ್ರಗಳನ್ನು ಡಬ್ ಮಾಡುವುದಕ್ಕೆ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ (ಸಿಸಿಐ) ಆದೇಶ ಬಂದ ಮೇಲೆ ಅದು ಸಡಿಲವಾಗುತ್ತಾ ಬಂತು. 2020ರ ಲಾಕ್‌ಡೌನ್‌ನಲ್ಲಿ ಹೊಸ ಧಾರಾವಾಹಿಗಳ ಶೂಟಿಂಗ್ ನಿಂತಾಗ ಹಿಂದಿಯ ಪೌರಾಣಿಕ ಧಾರಾವಾಹಿಗಳು ಕನ್ನಡ ಮಾತಾಡತೊಡಗಿದವು. ಆಮೇಲೆ ಒಟಿಟಿ ಬಂತು. ಡಬ್ಬಿಂಗ್ ಬೇಕೋ ಬೇಡವೋ ಅನ್ನುವ ಜಗಳ ಇನ್ನೂ ಮುಗಿದಿಲ್ಲ. ನನಗೂ ಅದರಲ್ಲಿ ಎರಡು ಮನಸ್ಸಿದೆ. ಆದರೆ ರಂಗಭೂಮಿಯ ಹುಡುಗರಿಗೆ ಅದು ಅನ್ನ ಕೊಟ್ಟದ್ದು ಸುಳ್ಳಲ್ಲ.

ಮೊದಲ ದಿನವೇ ಹೀರೋಗೆ ದನಿ ಕೊಡಿಸುವುದಿಲ್ಲ. ಗುಂಪಿನ ದನಿಯಿಂದ ಶುರು: ಸಂತೆಯ ಗದ್ದಲ, ಜೈಕಾರ, ಹಿಂದೆ ಯಾರೋ ಕೂಗಿದ್ದು. ಆಮೇಲೆ ಪೊಲೀಸ್ ಪೇದೆ, ಡಾಕ್ಟರು, ಪಕ್ಕದ ಮನೆ ಆಂಟಿ. ಸ್ಟುಡಿಯೋದವರು ನೋಡುವುದು ದನಿಯ ಗಾಂಭೀರ್ಯಕ್ಕಿಂತ ಎರಡು ವಿಷಯ. ತುಟಿಗೆ ಮಾತು ಕೂರಿಸುತ್ತೀರಾ, ಮತ್ತು ಹೇಳಿದ ಹೊತ್ತಿಗೆ ಬರುತ್ತೀರಾ. ಉಚ್ಚಾರ ಸ್ವಚ್ಛ ಇರಬೇಕು. 'ಹಾಲು' 'ಆಲು' ಆಗಬಾರದು, 'ಶಾಲೆ' 'ಸಾಲೆ' ಆಗಬಾರದು. ಹಾಗಂತ ನಿಮ್ಮ ಊರ ಮಾತನ್ನು ಒರೆಸಿ ಹಾಕಬೇಡಿ. ಧಾರವಾಡ, ಕಲಬುರಗಿ, ಮಂಗಳೂರು, ಕುಂದಾಪುರದ ಮಾತು ಸಹಜವಾಗಿ ಬರುವವರನ್ನು ಹುಡುಕಿಕೊಂಡು ಬರುತ್ತಾರೆ.

ಸ್ಲಾಟ್ ಹಗಲಲ್ಲೇ ಕೇಳಿ ತೆಗೆದುಕೊಳ್ಳಿ. ಕಿರುಚಾಟದ ದೃಶ್ಯಗಳಿದ್ದರೆ ಶೋ ಇರುವ ದಿನ ಬೇಡ ಅನ್ನಿ. ಮನೆಯಲ್ಲಿ ಸ್ಯಾಂಪಲ್ ರೆಕಾರ್ಡ್ ಮಾಡೋಕೆ ದುಬಾರಿ ಮೈಕ್ ಬೇಕಿಲ್ಲ. ಬಟ್ಟೆ ತುಂಬಿದ ಬೀರು ಬಾಗಿಲು ತೆಗೆದು, ತಲೆ ಮೇಲೆ ದಪ್ಪ ರಗ್ಗು ಹೊದ್ದು ಫೋನಿನಲ್ಲೇ ಮಾಡಿ. ಬೇಸಿಗೆಯಲ್ಲಿ ಬೆವರು ಕಿತ್ತು ಬರುತ್ತದೆ, ಆದರೆ ಪ್ರತಿಧ್ವನಿ ಇರುವುದಿಲ್ಲ.

ಆಕಾಶವಾಣಿಯನ್ನು ಮರೆಯಬೇಡಿ. ನಾಟಕ ವಿಭಾಗದ ಧ್ವನಿ ಪರೀಕ್ಷೆ ಪಾಸಾದರೆ ಗ್ರೇಡ್ ಸಿಗುತ್ತದೆ. ಸಾಂದರ್ಭಿಕ ಉದ್ಘೋಷಕರಿಗೆ ತಿಂಗಳಿಗೆ ಕೆಲವೇ ಡ್ಯೂಟಿ. ಅದರಿಂದ ಮನೆ ನಡೆಯುವುದಿಲ್ಲ, ನಾಲಗೆ ಮಾತ್ರ ಪಳಗುತ್ತದೆ.

ಎಐಗೆ ಕನ್ನಡದ ದನಿ ಬೇಕು ಅಂತ ಕರೆದಿದ್ದಾರೆ. ಗಂಟೆಗೆ ಒಳ್ಳೇ ದುಡ್ಡು. ಹೋಗಲಾ?

ಒಪ್ಪಂದದ ಕಾಗದ ಓದದೆ ಹೋಗಬೇಡಿ. ಸಾವಿರಾರು ಜನರ ಮಾತು ಸೇರಿಸಿ ಯಂತ್ರಕ್ಕೆ ಕನ್ನಡ ಅರ್ಥ ಮಾಡಿಸುವುದು ಒಂದು ಬಗೆ. ನಿಮ್ಮ ಒಬ್ಬರದೇ ದನಿಯ ನಕಲು ತಯಾರಿಸುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಒಂದು ಸಲ ಸಹಿ ಹಾಕಿದರೆ ನಾಳೆ ನಿಮಗೆ ಬರಬೇಕಿದ್ದ ಜಾಹೀರಾತನ್ನು ನಿಮ್ಮದೇ ದನಿಯ ನಕಲು ಮಾಡಿ ಮುಗಿಸುತ್ತದೆ. ಎಷ್ಟು ವರ್ಷಕ್ಕೆ, ಯಾವ ಕೆಲಸಕ್ಕೆ ಅಂತ ಬರೆದಿಲ್ಲದಿದ್ದರೆ ಎದ್ದು ಬನ್ನಿ.

ಶಾಲೆಯಲ್ಲಿ ನಾಟಕ ಕಲಿಸೋ ಕೆಲಸ ಸಿಗುತ್ತಾ?

ಸಿಗುತ್ತದೆ, ಮತ್ತು ನನ್ನ ಅನುಭವದಲ್ಲಿ ನಮ್ಮವರಿಗೆ ಜಾಸ್ತಿ ಹೊಂದಿದ ಕೆಲಸ ಇದೇ. ಸರ್ಕಾರಿ ಪ್ರೌಢಶಾಲೆಗಳಲ್ಲೂ ನಾಟಕ ಶಿಕ್ಷಕರಿದ್ದಾರೆ, ಆದರೆ ಆ ಹುದ್ದೆಗಳು ತೀರಾ ಕಡಿಮೆ, ರಂಗಶಿಕ್ಷಣದ ಡಿಪ್ಲೊಮಾ ಬೇಕು. ಖಾಸಗಿ ಶಾಲೆಗಳಲ್ಲಿ ವಾರಕ್ಕೆ ಎರಡು ಮೂರು ದಿನದ ಕೆಲಸ ಸಿಗುತ್ತದೆ. ಮಧ್ಯಾಹ್ನ ಮೂರೂವರೆಗೆ ಬಿಡುಗಡೆ. ದಸರೆ ರಜೆ, ಬೇಸಿಗೆ ರಜೆ.

ವರ್ಷದಲ್ಲಿ ಎರಡು ಸುಗ್ಗಿ. ನವೆಂಬರ್‌ನಿಂದ ಜನವರಿವರೆಗೆ ಸ್ಕೂಲ್ ಡೇ. ಆಗ ಒಬ್ಬರೇ ಮೂರು ಶಾಲೆ ಒಪ್ಪಿಕೊಂಡು ಓಡಾಡುತ್ತಾರೆ. ಆಮೇಲೆ ಏಪ್ರಿಲ್, ಮೇ ತಿಂಗಳ ಬೇಸಿಗೆ ಶಿಬಿರ. ಈ ಎರಡು ಸುಗ್ಗಿಯಲ್ಲಿ ದುಡಿದದ್ದು ಮಳೆಗಾಲ ದಾಟಿಸುತ್ತದೆ.

ತೊಂದರೆಯೂ ಇದೆ. ಪ್ರಿನ್ಸಿಪಾಲರಿಗೆ ಬೇಕಿರುವುದು ಇನ್ನೂರು ಮಕ್ಕಳೂ ವೇದಿಕೆ ಮೇಲೆ ಕಾಣುವ ನಾಟಕ. ನೀವು ಅಂದುಕೊಂಡು ಹೋಗಿರುವುದು ಏನೋ. ಒಂದು ಶಾಲೆಯಲ್ಲಿ ನನಗೆ ನಾಟಕದ ಪೀರಿಯಡ್ ಅಂತ ಕೊಟ್ಟು, ಯಾರು ರಜೆ ಹಾಕಿದರೂ ಅವರ ಕ್ಲಾಸಿಗೆ ಕಳಿಸುತ್ತಿದ್ದರು. ಗಣಿತದ ಕ್ಲಾಸಲ್ಲಿ ಮಕ್ಕಳಿಗೆ ಲೆಕ್ಕದ ಹಾಡು ಕಟ್ಟಿಸಿದ್ದೇ ನಾನು ಅಲ್ಲಿ ಮಾಡಿದ ಒಳ್ಳೆಯ ಕೆಲಸ. ಇನ್ನೊಂದು, ದಿನಕ್ಕೆ ಮೂರು ಪೀರಿಯಡ್‌ಗಿಂತ ಜಾಸ್ತಿ ಒಪ್ಪಬೇಡಿ. ನಲವತ್ತು ಮಕ್ಕಳ ಗದ್ದಲದ ಮೇಲೆ ಕೂಗಿ ಕೂಗಿ ದನಿ ಒಡೆಯುತ್ತದೆ. ಸಣ್ಣ ತಮಟೆಯೋ ಸೀಟಿಯೋ ಇಟ್ಟುಕೊಳ್ಳಿ.

ಸೀರಿಯಲ್ ಮಾಡಿದರೆ ಎಲ್ಲಾ ಪ್ರಶ್ನೆಗೂ ಉತ್ತರ ಸಿಕ್ಕ ಹಾಗಲ್ವಾ?

ದುಡ್ಡಿಗೆ ಸಿಗುತ್ತದೆ, ಸಮಯಕ್ಕೆ ಸಿಗುವುದಿಲ್ಲ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತು. ಅದೂ ಊರಾಚೆಯ ಯಾವುದೋ ಮನೆಯಲ್ಲಿ. ನಾಳೆ ಶೂಟಿಂಗ್ ಇದೆಯೋ ಇಲ್ಲವೋ ರಾತ್ರಿ ಹತ್ತಕ್ಕೆ ಗೊತ್ತಾಗುತ್ತದೆ. ಪೇಮೆಂಟ್ ಎರಡು ಮೂರು ತಿಂಗಳು ತಡ. ಕೆಲವರು ತಿಂಗಳಿಗೆ ಹತ್ತು ದಿನ ಅಂತ ಮಾತಾಡಿಕೊಂಡು ಉಳಿದ ದಿನ ನಾಟಕ ಮಾಡುತ್ತಾರೆ. ಹಾಗೆ ಷರತ್ತು ಹಾಕುವ ಮಟ್ಟಕ್ಕೆ ಬರೋಕೆ ಒಂದೆರಡು ಸೀರಿಯಲ್ ಹಿಡಿಯುತ್ತದೆ.

ಇಂಟರ್‌ವ್ಯೂನಲ್ಲಿ 'ನಾಟಕ ಮಾಡ್ತೀನಿ' ಅಂತ ಹೇಳಬೇಕಾ?

ಹೇಳಿ, ಆದರೆ ಕೆಲಸ ಕೊಡುತ್ತೇವೆ ಅಂದ ಮೇಲೆ, ಸೇರುವುದಕ್ಕೆ ಮೊದಲು. ಮುಚ್ಚಿಟ್ಟು ಅಜ್ಜಿಗೆ ಹುಷಾರಿಲ್ಲ ಅಂತ ರಜೆ ಹಾಕಿದರೆ ಒಂದು ದಿನ ಪೇಪರಿನಲ್ಲಿ ಫೋಟೊ ಬರುತ್ತದೆ. ನನಗೆ ಹಾಗೇ ಆಯಿತು. ಎರಡು ಕೆಲಸ ಹೋಯಿತು ಅಂದೆನಲ್ಲ, ಒಂದು ಅದರಿಂದಲೇ. ಈಗಿನ ಮಾಲೀಕರಿಗೆ ಮೊದಲೇ ಹೇಳಿದ್ದೆ: 'ಸಂಜೆ ನಾಲ್ಕೂವರೆ ಮೇಲೆ ನಾನಿರಲ್ಲ. ಬದಲಿಗೆ ಬೆಳಿಗ್ಗೆ ಎಂಟಕ್ಕೇ ಬಂದು ಬೀಗ ತೆಗೀತೀನಿ.' ಅವರು ಒಪ್ಪಿದರು. ಶೋಗೆ ಕರೆದರೆ ಮಾತ್ರ ಇವತ್ತಿಗೂ ಬಂದಿಲ್ಲ.

ಹೊರ ಊರಿನ ಪ್ರದರ್ಶನಗಳಿಗೆ ವರ್ಷದ ರಜೆಯನ್ನು ಮದುವೆ ಮುಂಜಿಗೆ ಖರ್ಚು ಮಾಡದೆ ಉಳಿಸಿಟ್ಟುಕೊಳ್ಳಿ. ನೆಂಟರು ಬೈಯುತ್ತಾರೆ, ಇರಲಿ.

ತಾಲೀಮು ಮುಗಿದು ಮನೆಗೆ ಹೋಗೋದು ಹತ್ತೂವರೆ ಆಗುತ್ತೆ. ಹೆಣ್ಣುಮಕ್ಕಳು ಏನು ಮಾಡೋದು?

ಕೆಲಸ, ತಾಲೀಮಿನ ಜಾಗ, ಪಿಜಿ, ಈ ಮೂರರಲ್ಲಿ ಎರಡಾದರೂ ಒಂದೇ ಮೆಟ್ರೋ ಮಾರ್ಗದಲ್ಲಿರಲಿ. ಕೊನೆಯ ರೈಲು ಹನ್ನೊಂದರ ಸುಮಾರಿಗೆ ಅನ್ನುವುದು ನೆನಪಿರಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಇಲ್ಲ. ದಿನಾ ಮೂರು ಬಸ್ಸು ಬದಲಾಯಿಸುವ ಹುಡುಗಿಯರಿಗೆ ಅದು ತಿಂಗಳಿಗೆ ದೊಡ್ಡ ಉಳಿತಾಯ. ನಮ್ಮ ತಂಡದ ಒಬ್ಬಾಕೆ ಆ ದುಡ್ಡಲ್ಲೇ ಹಾಡುಗಾರಿಕೆ ಕ್ಲಾಸಿಗೆ ಸೇರಿದಳು. ಪಿಜಿಗೆ ಸೇರುವಾಗ ಬಾಡಿಗೆ ಕೇಳುವ ಮೊದಲು ಗೇಟು ಹಾಕುವ ಹೊತ್ತು ಕೇಳಿ. ಒಂಬತ್ತೂವರೆಗೆ ತಾಲೀಮು ಮುಗಿಸದ ನಿರ್ದೇಶಕರನ್ನು ಕೇಳುವ ಹಕ್ಕೂ ನಿಮಗಿದೆ. ಮೊದಲ ವಾರವೇ ಕೇಳಿ, ಗ್ರ್ಯಾಂಡ್ ರಿಹರ್ಸಲ್ ದಿನ ಅಲ್ಲ.

ಇಎಸ್‌ಐ, ಪಿಎಫ್ ಎಲ್ಲಾ ನೋಡಬೇಕಾ? ಕೈಗೆ ಬರೋ ಸಂಬಳ ಜಾಸ್ತಿ ಇದ್ದರೆ ಸಾಕಲ್ವಾ?

ಸಾಕಾಗುವುದಿಲ್ಲ. ತಿಂಗಳ ಸಂಬಳ 21,000 ರೂಪಾಯಿವರೆಗೆ ಇದ್ದವರಿಗೆ ಇಎಸ್‌ಐ ಅನ್ನುವ ಸರ್ಕಾರಿ ಆರೋಗ್ಯ ವಿಮೆ ಅನ್ವಯಿಸುತ್ತದೆ. ನಿಮ್ಮ ಸಂಬಳದಿಂದ ಹೋಗುವುದು ಶೇ. 0.75 ಮಾತ್ರ. ಮಾಲೀಕರು ಶೇ. 3.25 ಹಾಕುತ್ತಾರೆ. ಅಷ್ಟಕ್ಕೆ ನಿಮಗೂ ಮನೆಯವರಿಗೂ ಚಿಕಿತ್ಸೆ. ಆ ಮೊಣಕಾಲು ಮುರಿದುಕೊಂಡ ಹುಡುಗನ ಆಸ್ಪತ್ರೆ ಬಿಲ್ಲಿಗೆ ನಾವು ಒಂದು ಸಹಾಯಾರ್ಥ ಪ್ರದರ್ಶನ ಮಾಡಬೇಕಾಯಿತು. ಅವನು ಬಿಟ್ಟು ಬಂದಿದ್ದ ಅಂಗಡಿ ಕೆಲಸದಲ್ಲಿ ಇಎಸ್‌ಐ ಇತ್ತು. ಡೆಲಿವರಿಯಲ್ಲಿ ಎರಡು ಸಾವಿರ ಜಾಸ್ತಿ ಸಿಗುತ್ತದೆ ಅಂತ ಬಿಟ್ಟಿದ್ದ.

ಪಿಎಫ್ ಇಲ್ಲದೆ, ತೆರಿಗೆ ಕಟ್ಟುವಷ್ಟು ಆದಾಯವೂ ಇಲ್ಲದೆ ಬಿಡಿ ಬಿಡಿ ಕೆಲಸ ಮಾಡುವವರು ಅಸಂಘಟಿತ ಕಾರ್ಮಿಕರ ಇ-ಶ್ರಮ್ ಪೋರ್ಟಲ್‌ನಲ್ಲಿ ಹೆಸರು ಬರೆಸಿ. 16ರಿಂದ 59 ವರ್ಷದವರಿಗೆ ಅದು ಮುಕ್ತ, ಖರ್ಚಿಲ್ಲ.

ಪೇಮೆಂಟ್‌ನಲ್ಲಿ ಶೇ. 10 ಹಿಡಿದುಕೊಂಡು ಕೊಟ್ಟರು. ಆ ದುಡ್ಡು ಹೋದ ಹಾಗೇನಾ?

ಇಲ್ಲ. ಅದು ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುವ ಆದಾಯ ತೆರಿಗೆ. ನಿಮ್ಮ ಪ್ಯಾನ್ ಹೆಸರಲ್ಲಿ ಸರ್ಕಾರಕ್ಕೆ ಕಟ್ಟಿರುತ್ತಾರೆ, ಅಥವಾ ಕಟ್ಟಿರಬೇಕು. ವರ್ಷದ ಒಟ್ಟು ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೆ ರಿಟರ್ನ್ ಸಲ್ಲಿಸಿ, ವಾಪಸ್ ಬರುತ್ತದೆ. ಸುಮ್ನೆ ಬಿಟ್ಟುಬಿಡುವವರೇ ಹೆಚ್ಚು. ನನಗೆ ಗೊತ್ತಿಲ್ಲದೆ ನಾಲ್ಕು ವರ್ಷ ಬಿಟ್ಟೆ. ಆದಾಯ ತೆರಿಗೆ ಪೋರ್ಟಲ್‌ಗೆ ಹೋಗಿ ಯಾರು ಕಟ್ಟಿದ್ದಾರೆ, ಯಾರು ಹಿಡಿದುಕೊಂಡು ಕಟ್ಟಿಲ್ಲ ಅಂತ ನೋಡಿ. ಕೆಲವು ಹೆಸರು ಕಾಣದೇ ಇರಬಹುದು!

ಪೇಮೆಂಟ್ ಕೊಡದೆ ಸತಾಯಿಸಿದರೆ?

ಒಪ್ಪಿಕೊಂಡ ದಿನವೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ: 'ಇಷ್ಟು ದಿನದ ಕೆಲಸ, ಇಷ್ಟು ರೂಪಾಯಿ, ಇಂಥ ತಾರೀಖಿಗೆ ಅಂತ ಮಾತಾಗಿದೆ ಸಾರ್.' ಅವರು 'ಓಕೆ' ಅಂದರೆ ಸಾಕು. ಬಾಯಿಮಾತಿಗಿಂತ ಅದು ಎಷ್ಟೋ ಗಟ್ಟಿ. ಹಳೇ ಬಾಕಿ ತೀರಿಸದವರ ಹತ್ತಿರ ಎರಡನೇ ಕೆಲಸ ಒಪ್ಪಬೇಡಿ.

ಆಡಿಷನ್‌ಗೆ, ಪೋರ್ಟ್‌ಫೋಲಿಯೋಗೆ, 'ಆರ್ಟಿಸ್ಟ್ ಕಾರ್ಡ್' ಮಾಡಿಸೋಕೆ ಅಂತ ಮೊದಲೇ ದುಡ್ಡು ಕೇಳುವವರು ಮೋಸಗಾರರು. ಟೆಲಿಗ್ರಾಂನಲ್ಲಿ 'ಮನೆಯಲ್ಲೇ ಕೂತು ರೇಟಿಂಗ್ ಕೊಡಿ' ಅನ್ನುವವರೂ ಅಷ್ಟೇ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ನಾನು ಚಿತ್ರ ಬರೆಯೋದು. ನನ್ನ ಫ್ರೆಂಡ್ ಸಂಗೀತ. ನಮಗೂ ಇದೇ ಲೆಕ್ಕಾನಾ?

ನಿಮಗೆ ಸಂಜೆಯ ಕಟ್ಟುಪಾಡು ಇಲ್ಲ, ಅದೇ ದೊಡ್ಡ ಅನುಕೂಲ. ಚಿತ್ರ ಬರೆಯುವವರಿಗೆ ಬೇಕಿರುವುದು ಹಗಲಿನ ಬೆಳಕು. ಹಾಗಾಗಿ ನನ್ನ ಸೈರನ್ ಸಿದ್ಧಾಂತ ನಿಮಗೆ ತಿರುಗುಮುರುಗು: ಸಂಜೆ ಪಾಳಿಯ ಕೆಲಸ ನೋಡಿ. ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುವುದು ಜನವರಿಯಲ್ಲಿ. ಡಿಸೆಂಬರ್ ಪೂರ್ತಿ ಓವರ್‌ಟೈಮ್ ಒಪ್ಪಬೇಡಿ.

ಸಂಗೀತದವರಿಗೆ ಆನ್‌ಲೈನ್‌ನಲ್ಲಿ ಪಾಠ ಹೇಳೋಕೆ ಹೊರದೇಶದ ಕನ್ನಡದ ಮನೆಗಳಿವೆ. ನ್ಯೂಜೆರ್ಸಿಯಲ್ಲಿ ರಾತ್ರಿ ಎಂಟು ಅಂದರೆ ಅವರ ಬೇಸಿಗೆಯಲ್ಲಿ ನಮಗೆ ಮುಂಜಾನೆ ಐದೂವರೆ. ಹೇಗಿದ್ದರೂ ಸಾಧನೆಗೆ ಏಳುವ ಹೊತ್ತು. ಎರಡು ಆನ್‌ಲೈನ್ ಕ್ಲಾಸು ಮುಗಿಸಿ ತಿಂಡಿ ತಿನ್ನಬಹುದು. ಒಂದೇ ಕಿರಿಕಿರಿ ಅಂದರೆ ತಾಳ. ನೆಟ್‌ವರ್ಕ್ ತಡದಿಂದ ಇಬ್ಬರೂ ಒಟ್ಟಿಗೆ ಹಾಡೋಕೆ ಆಗುವುದಿಲ್ಲ.

ಬೆಂಗಳೂರಿಗೇ ಬರಬೇಕಾ?

ಬೇಕಿಲ್ಲ. ಕರಾವಳಿಯ ಯಕ್ಷಗಾನ ಕಲಾವಿದರನ್ನು ನೋಡಿ. ಮೇಳದ ತಿರುಗಾಟ ಹೆಚ್ಚುಕಡಿಮೆ ನವೆಂಬರ್‌ನಿಂದ ಮೇ ಕೊನೆಯ ಪತ್ತನಾಜೆ ಅನ್ನುವ ದಿನದವರೆಗೆ. ಮಳೆಗಾಲದಲ್ಲಿ ಗದ್ದೆ ಕೆಲಸ, ತೋಟದ ಕೆಲಸ, ಅಡುಗೆ, ತಾಳಮದ್ದಲೆ, ಬೆಂಗಳೂರು ಮುಂಬಯಿಯ ಪ್ರದರ್ಶನ. ದಿನವನ್ನು ಹಗಲು ಸಂಜೆ ಅಂತ ನಾವು ಭಾಗ ಮಾಡಿಕೊಂಡರೆ ಅವರು ವರ್ಷವನ್ನೇ ಭಾಗ ಮಾಡಿಕೊಂಡಿದ್ದಾರೆ. ಮೈಸೂರು, ಧಾರವಾಡ, ಶಿವಮೊಗ್ಗದಲ್ಲಿ ಬಾಡಿಗೆ ಕಡಿಮೆ, ಆಫೀಸಿಂದ ತಾಲೀಮಿಗೆ ಹದಿನೈದು ನಿಮಿಷ. ಇಲ್ಲಿ ಸಿಲ್ಕ್ ಬೋರ್ಡ್ ದಾಟೋಕೇ ಅಷ್ಟು ಬೇಕು, ಅದೂ ಒಳ್ಳೇ ದಿನ.

ಮನೆಯಲ್ಲಿ ಏನಂತ ಹೇಳಲಿ?

ಕೆಲಸದ ಹೆಸರು ಹೇಳಿ, ತಿಂಗಳಿಗೆ ಒಂದಿಷ್ಟು ದುಡ್ಡು ಕಳಿಸಿ. ನಾಟಕದ ವಿಷಯ ತಾನಾಗಿ ಗೊತ್ತಾಗುತ್ತದೆ. ನಮ್ಮಮ್ಮನಿಗೆ ಗೊತ್ತಾದದ್ದು ಪಕ್ಕದ ಮನೆಯವರ ಫೋನಿನಲ್ಲಿ ವಿಡಿಯೋ ನೋಡಿ. 'ಅಷ್ಟೊಂದು ಸಣ್ಣ ಆಗಿದೀಯಲ್ಲೋ' ಅಂದರು, ಬೇರೇನೂ ಕೇಳಲಿಲ್ಲ.

ನಿಮ್ಮ ತಂಡದಲ್ಲಿ ಜಾಗ ಇದೆಯಾ?

ಈಗ ಪಾತ್ರ ಖಾಲಿ ಇಲ್ಲ. ಪ್ರಾಪರ್ಟಿ (ನಾಟಕದಲ್ಲಿ ಬಳಸುವ ಸಾಮಾನು) ನೋಡಿಕೊಳ್ಳೋಕೆ ಒಬ್ಬರು, ಲೈಟಿಂಗ್‌ನವರ ಜೊತೆ ಕೇಬಲ್ ಎಳೆಯೋಕೆ ಒಬ್ಬರು ಬೇಕು. ಸೋಮವಾರದಿಂದ ಶುಕ್ರವಾರ, ಸಂಜೆ ಆರೂವರೆ. ಬರುವ ಮೊದಲು ನಿಮ್ಮ ಆಫೀಸು ಎಷ್ಟಕ್ಕೆ ಬಿಡುತ್ತದೆ ಅಂತ ತಿಳಿಸಿ.